ಡಬ್ಬಿಯೊಳಗಿನ ಹೋರಿ

ಎಂಬತ್ತರ ದಶಕದ ಮಾತು. ಬೆದೆಗೆ ಬಂದ ಜವಾರಿ ಆಕಳಿಗೆ ನಳಿಕೆಯಿಂದ ಜರ್ಸಿ ಹೋರಿಯ ವೀರ್ಯ ಸೇರಿಸುವುದು ನನ್ನ ನೌಕರಿ. ಹುಟ್ಟುವ ಕರು ಹೆಚ್ಚು ಹಾಲು ಕೊಡಲಿ ಅಂತ ಸರಕಾರದ ಆಸೆ. ಆ ಕೆಲಸದಲ್ಲಿ ನಗೆಪಾಟಲಾಗದೆ ಮನೆಗೆ ಬಂದ ದಿನವೇ ಕಡಿಮೆ.

ಹಾರ

ರಾಯಬಾಗದ ಹತ್ತಿರ ಒಬ್ಬ ರೈತ ಹೇಳಿಕಳಿಸಿದ್ದ. ಹೋದರೆ ಆಕಳಿಗೆ ಅರಿಶಿನ ಕುಂಕುಮ; ಬರುವ ಹೋರಿಗೆಂದು ಬುಟ್ಟಿ ತುಂಬ ನೆನೆಸಿದ ಹಿಂಡಿ, ಚೆಂಡುಹೂವಿನ ಹಾರ. ಹೋರಿಯನ್ನು ಹೀಗೆ ಬರಮಾಡಿಕೊಳ್ಳುವುದು ಅವರ ಮನೆಯ ರೂಢಿ.

"ಹೋರಿ ಹಿಂದ ಬರಾಕತ್ತೈತೇನ್ರಿ?"

"ಈ ಡಬ್ಬಿಯಾಗ ಐತ್ರಿ."

ಆತ ಡಬ್ಬಿಯನ್ನು ಒಂದು ಸುತ್ತು ಹಾಕಿ ನೋಡಿದ. ಕೆಲಸ ಮುಗಿದ ಮೇಲೆ, "ತಂದದ್ದು ಹಂಗ ಇಡಬಾರ್ದ್ರಿ" ಎಂದು ಹಾರ ನನ್ನ ಕೊರಳಿಗೇ ಹಾಕಿದ. ಹಿಂಡಿಯ ಬುಟ್ಟಿಯನ್ನೂ ನನ್ನ ಮುಂದೆ ಸರಿಸಿದ. ನಾನು ಚಹಾ ಸಾಕೆಂದೆ.

ನೊಗ

ಅಕ್ಕೋಳದಲ್ಲಿ ನನ್ನ ಕೈಯಿಂದಾದ ಗಂಡುಗರು ಬೆಳೆದು ಎತ್ತಾಯಿತು. ಜರ್ಸಿಯ ಮಗ, ಬೆನ್ನ ಮೇಲೆ ಹಿಣಿಲಿಲ್ಲ, ನೊಗ ತಡೆಯುವ ಆ ಡುಬ್ಬವೇ ಇಲ್ಲ. ನೊಗ ನಿಲ್ಲದೆ ಜಾರುತ್ತಿತ್ತು. ಮಾಲೀಕ ನನ್ನನ್ನು ಕರೆಸಿದ.

"ಜಡ್ಡೇನ್ರಿ?" ಅಂದೆ.

"ಜಡ್ಡಿಲ್ರಿ, ಮೇಯಾಕ ಗಟ್ಟಿ ಐತಿ. ನೀವ ಹುಟ್ಟಿಸಿದ್ದು, ನೀವ ಹೂಡಿ ತೋರಸ್ರಿ."

ಜಂಬದಿಂದ ಹೂಡಿದೆ. ನೊಗ ಜಾರಿತು, ಎತ್ತು ಪಕ್ಕದವರ ಕಬ್ಬಿನೊಳಗೆ ನುಗ್ಗಿತು, ನಾನು ಅದರ ಹಿಂದೆ.

"ಕಬ್ಬಿನ ದಾರಿ ಬರೋಬ್ಬರಿ ಗೊತ್ತೈತಿ ನೋಡ್ರಿ ಅದಕ್ಕ" ಎಂದ ಮಾಲೀಕ, ಬದುವಿನ ಮೇಲೆ ಕೂತು.

ಹೆಣ್ಣಿನ ಕಡೆಯವರು

ಐನಾಪುರದಲ್ಲಿ ಒಬ್ಬ ಅಜ್ಜಿಗೆ, ಉಳುವ ಎತ್ತುಗಳಿಗೆ ಹೆಸರಾದ ಖಿಲಾರಿ ತಳಿಯ ಮುದ್ದಿನ ಆಕಳಿತ್ತು. ಮಗನಿಗೆ ಜರ್ಸಿ ಕರು ಬೇಕು, ಅಜ್ಜಿಗೆ ಬೇಡ. ಆಕಳು ಅಂದೇ ಬೆದೆಗೆ ಬಂದಿತ್ತು. ಒಪ್ಪಿಸಿ ಅಂತ ಮಗ ನನ್ನನ್ನು ಕರೆದೊಯ್ದ.

"ಗಂಡಿನ ಮಾರಿ ನೋಡದ ಹೆಂಗ ಕೊಡ್ಲಿ?" ಎಂದಳು ಅಜ್ಜಿ. ಕ್ಯಾಲೆಂಡರಿನಲ್ಲಿದ್ದ ಜರ್ಸಿ ಹೋರಿಯ ಫೋಟೋ ತೋರಿಸಿದೆ.

"ಹಿಣಿಲ ಇಲ್ಲ. ಗಂಡುಗರ ಹುಟ್ಟಿದ್ರ ಹೂಡಾಕ ಬರೂದಿಲ್ಲ. ಕಟುಕರಿಗೆ ಕೊಡಾಕಂತ ಹುಟ್ಟಸ್ಲೇನು?"

ನಿಜ ಹೇಳಬೇಕೆಂದರೆ ಆ ಮಾತು ಎದೆಗೆ ನಾಟಿತು. "ಹಾಲು ಬಾಳ ಬರ್ತೈತ್ರಿ ಅಜ್ಜಿ" ಎಂದು ಗೊಣಗಿದೆ.

"ನಿಮ್ಮನ್ಯಾಗ ಆಕಳ ಐತಿ?"

"ಐತ್ರಿ. ಖಿಲಾರಿ."

"ಅದಕ್ಕ ಯಾಕ ಈ ಗಂಡು ಮಾಡಿಲ್ಲ?"

ಮಗನೂ ನನ್ನ ಮುಖ ನೋಡಿದ. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

"ನಮ್ಮವ್ವ ಒಲ್ಲೆ ಅಂತಾಳ್ರಿ."

ಅಜ್ಜಿ ಆಕಳ ಹಗ್ಗ ಬಿಚ್ಚಿ ಮಗನ ಕೈಗಿಟ್ಟಳು. "ಊರ ಖಿಲಾರಿ ಹೋರಿ ಕಡೆ ಹೊಡ್ಕೊಂಡ ನಡಿ. ಸಾಹೇಬ್ರ ಅವ್ವನೂ ನಮ್ಮಂಗ ಹೆಣ್ಣಿನ ಕಡೆಯಾಕಿನ ಅದಾಳ."