ಶೇಖಪ್ಪ ಕೊಂಡ ಬ್ರೇಕರು

ಕರೆಂಟು ತನ್ನ ಮಾತು ಮೀರುವುದಿಲ್ಲ ಎಂದು ಶೇಖಪ್ಪ ತಾನು ವಲಸೆ ಬಂದು ನೆಲೆಸಿದ್ದ ಎಟೋಬಿಕೋಕ್‌ನ ಅರ್ಧ ಜನಕ್ಕೆ ಹೇಳಿಯಾಗಿತ್ತು. ಉಳಿದರ್ಧ ಜನ ಕನ್ನಡ ಬಾರದ್ದರಿಂದ ಪಾರಾಗಿದ್ದರು. ಹುಬ್ಬಳ್ಳಿಯ ಓಣಿಯಲ್ಲಿ ಫ್ಯೂಜು ಹೋದರೆ ಲೈನ್‌ಮನ್‌ಗಿಂತ ಮೊದಲು ಇವನಿಗೇ ಕರೆ ಬರುತ್ತಿತ್ತಂತೆ. ಒಂದೆಳೆ ತಂತಿ ಇರಬೇಕಾದಲ್ಲಿ ಆರೆಳೆ ಹೊಸೆದು ಕಟ್ಟುತ್ತಿದ್ದ. ಆಮೇಲೆ ಫ್ಯೂಜು ಹೋಗುತ್ತಿರಲಿಲ್ಲ, ನಿಜ. (ಓಣಿಯ ಟ್ರಾನ್ಸ್‌ಫಾರ್ಮರೇ ಹೋಗುತ್ತಿತ್ತು. ಅದು ಬೇರೆ ಇಲಾಖೆ.)

ಈ ಬೇಸಿಗೆಯಲ್ಲಿ ಆ ಕೀರ್ತಿ ಪಣಕ್ಕೆ ಬಿತ್ತು. ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ ಹೆಂಡತಿ ವೇದವತಿಯ ತಂಡದ ಕೋಲಾಟ. ಹನ್ನೆರಡು ಹೆಂಗಸರು ಎರಡು ತಿಂಗಳು ಬೇಸ್‌ಮೆಂಟಿನಲ್ಲಿ ಕೋಲು ಬಡಿದ ರಭಸಕ್ಕೆ ಮೇಲಿನ ಅಡುಗೆಮನೆಯ ತಟ್ಟೆ-ಲೋಟಗಳೂ ತಾಳ ಕಲಿತಿದ್ದವು. ಪಾರ್ಕಿನಲ್ಲಿ ಪ್ಲಗ್ ಪಾಯಿಂಟಿಲ್ಲ. ಹಾಡು ಬರಬೇಕಾದ್ದು ಶೇಖಪ್ಪನ ವ್ಯಾನಿನಿಂದ.

ಆಂಪ್ಲಿಫೈಯರ್ ಕೊಳ್ಳಲು ಗಂಡ-ಹೆಂಡತಿ ಮಿಸಿಸಾಗದ ಅಂಗಡಿಗೆ ಹೋದರು. ವ್ಯಾನಿನ ಬ್ಯಾಟರಿಗೂ ಅದಕ್ಕೂ ನಡುವೆ ಕಾವಲಿಗೊಂದು ಬೇಕೆಂದ ಅಂಗಡಿಯ ಸರ್ದಾರ್ಜಿ. ಫ್ಯೂಜಾದರೆ ಲೋಡು ಹೆಚ್ಚಾದಾಗ ಸುಟ್ಟುಹೋಗುತ್ತದೆ, ಹೊಸದು ಹಾಕಬೇಕು; ಬ್ರೇಕರಾದರೆ ಗುಂಡಿ ಹೊರಚಿಮ್ಮಿಸಿ, ಕರೆಂಟು ಕಡಿದು ಬಿದ್ದುಕೊಳ್ಳುತ್ತದೆ, ಗುಂಡಿ ಒತ್ತಿದರೆ ಎದ್ದೇಳುತ್ತದೆ.

"ಫ್ಯೂಜ ತಗೋರಿ," ಎಂದಳು ವೇದವತಿ. "ಸುಟ್ಟರ ಯಾಕ ಸುಟ್ಟಿತು ಅಂತರೆ ನೋಡ್ತೀರಿ. ಗುಂಡಿ ಇದ್ದರ ಒತ್ತಕೋತ ಕುಂಡ್ರವರು ನೀವು."

"ಸತ್ತು ಸತ್ತು ಹುಟ್ಟೂದು ಅವತಾರ ಪುರುಷರ ಲಕ್ಷಣ. ನನಗ ಬ್ರೇಕರ್ ಇರಲಿ," ಎಂದ ಶೇಖಪ್ಪ.

ಪಿಕ್ನಿಕ್ಕಿನ ದಿನ ಯೂನಿಯನ್‌ವಿಲ್‌ನಿಂದ ಬಂದಿದ್ದ ದ್ಯಾಮಣ್ಣ, ಚಹಾ ಸಿಗಬಹುದೇ ಎಂದು ಕೇಳಿದ. ಅಷ್ಟೇ ಸಾಕಾಯಿತು. ಶೇಖಪ್ಪ ಹಾಡಿನ ತಂತಿಗೇ ಒಂದು ಇನ್ವರ್ಟರ್ ಸಿಕ್ಕಿಸಿ, ಅದಕ್ಕೆ ಬಿಂದಿಗೆಯಷ್ಟು ದೊಡ್ಡ ಎಲೆಕ್ಟ್ರಿಕ್ ಕೆಟಲ್ ಜೋಡಿಸಿದ. ಒಂದೇ ಬಲ್ಬಿನ ಹೋಲ್ಡರಿನಿಂದ ಇಸ್ತ್ರಿ, ಮಿಕ್ಸರು, ನೆರೆಮನೆಯ ಟಿ.ವಿ. ನಡೆಸಿದ ಕೈ ಅದು.

ಹಾಡಿನ ಎರಡನೇ ಸಾಲಿಗೆ ಬ್ರೇಕರು 'ಟಕ್' ಎಂದಿತು. ಹನ್ನೆರಡು ಜನ ಕೋಲೆತ್ತಿ ಹಾಗೇ ನಿಂತರು. ಶೇಖಪ್ಪ ಬಾನೆಟ್ಟಿನೊಳಗೆ ತಲೆ ತೂರಿಸಿ ಗುಂಡಿ ಒತ್ತಿದ. ಮತ್ತೆರಡು ಸಾಲು, ಟಕ್. ಹೀಗೆ ಏಳು ಸಲ. ಎತ್ತಿದ ತೋಳು ಇಳಿಸುವಂತಿಲ್ಲದೆ ನಿಂತ ಹೆಂಗಸರನ್ನು ಕಂಡು ಪಾರ್ಕಿನಂಚಿನ ಸರೋವರದ ಹಕ್ಕಿಗಳು ಗೂಡಿಗೆ ಜಾಗ ನೋಡತೊಡಗಿದವು.

ವೇದವತಿ ಬಂದು, ಮೊದಲು ಕೆಟಲಿನ ಪ್ಲಗ್ ಕೀಳಿ ಎಂದಳು. ದ್ಯಾಮಣ್ಣನಿಗೆ ಮಾತು ಕೊಟ್ಟಾಗಿದೆ, ತಪ್ಪೆಲ್ಲ ಬ್ರೇಕರಿನದೇ ಎಂದು ಶೇಖಪ್ಪ ಗುಂಡಿಯ ಮೇಲೊಂದು ಚಮಚ ಇಟ್ಟು ಸುತಳಿ ಸುತ್ತತೊಡಗಿದ.

"ಅದು ನಿಮಗ ಏನೋ ಹೇಳಾಕ ಹತ್ತೇತಿ," ಎಂದಳು ವೇದವತಿ. "ನೀವು ಅದರ ಬಾಯಿ ಕಟ್ಟಾಕ ಹತ್ತೀರಿ."

ಅವಳು ಸೆರಗು ಸಿಕ್ಕಿಸಿ ಹೋಗಿ ತಾನೇ ಹಾಡು ಎತ್ತಿಕೊಂಡಳು. ಹನ್ನೊಂದು ಕಂಠ ಜೊತೆಗೂಡಿದವು. ಕೋಲಿಗೆ ಕೋಲು ತಾಗಿತು, ಪಾರ್ಕೆಲ್ಲ ಚಪ್ಪಾಳೆ. ದ್ಯಾಮಣ್ಣನೂ ಖಾಲಿ ಕಪ್ಪು ಹುಲ್ಲಿನ ಮೇಲಿಟ್ಟು ಅತ್ತ ಓಡಿದ.

ಶೇಖಪ್ಪ ಒಬ್ಬನೇ ಉಳಿದ. ಸುತಳಿಗೆ ಒಂಬತ್ತನೇ ಗಂಟು ಬಿಗಿದ. ಆನೆ ಜಗ್ಗಿದರೂ ಗುಂಡಿ ಮೇಲೇಳುವಂತಿರಲಿಲ್ಲ. ವ್ಯಾನಿನಲ್ಲಿ ಹಾಡು ಮತ್ತೆ ಶುರುವಾಯಿತು.

"ಇದೊಂದ ಸಲ ನನ್ನ ಮರ್ಯಾದಿ ಉಳಸಪಾ," ಎಂದ ಮೆಲ್ಲಗೆ.

ಗಂಟು ಸಡಿಲಲಿಲ್ಲ. ಗುಂಡಿ ಕದಲಲಿಲ್ಲ. ಬ್ರೇಕರು ಒಳಗಿನಿಂದಲೇ ಹೇಳಿತು: ಟಕ್.