ಸಭಿಕರ ಸಂಖ್ಯೆ: ಒಂದು

ಸಾಧನೆ ಮಾಡುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಬರೆಯುವುದು ಎಷ್ಟು ಕಷ್ಟ ಎಂದು ನನ್ನನ್ನು ಕೇಳಬೇಕು. ವಿಜಯಪುರದ ಅಥಣಿ ರಸ್ತೆಯಲ್ಲಿರುವ ಒಂದು ಸಣ್ಣ ಅರ್ಥಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ನಾನು ಇಪ್ಪತ್ತು ವರ್ಷಗಳಿಂದ ಕಚೇರಿ ಸಹಾಯಕಿ. ಬಂದ ಪತ್ರ ಒಡೆಯುವುದು, ಈಮೇಲ್ ನೋಡುವುದು, ವರದಿಗಳನ್ನು ಟೈಪ್ ಮಾಡುವುದು, ಗ್ರಂಥಾಲಯದ ಬೀಗ ತೆಗೆಯುವುದು, ಸಂಜೆ ಮತ್ತೆ ಹಾಕುವುದು, ಎಲ್ಲ ನನ್ನ ಪಾಲಿನದು. ಇವುಗಳ ಜೊತೆಗೆ ಸಂಸ್ಥೆಯ ವಾರ್ತಾಪತ್ರದಲ್ಲಿ ‘ಇತ್ತೀಚಿನ ಚಟುವಟಿಕೆಗಳು ಮತ್ತು ಸಾಧನೆಗಳು’ ಎಂಬ ನಾಲ್ಕು ಪುಟಗಳನ್ನು ತುಂಬಿಸುವ ಹೊಣೆಯೂ ನನ್ನ ಮೇಲಿದೆ. ನಮ್ಮಲ್ಲಿ ಚಟುವಟಿಕೆಗೆ ಬರವಿಲ್ಲ. ಬಿರಾದಾರ ಸರ್ ಎಂಬ ನಮ್ಮ ಹಿರಿಯ ಸಂಶೋಧಕರು ಒಂದೇ ಪ್ರಬಂಧವನ್ನು ಕೊಪ್ಪಳದಲ್ಲಿ ‘ಸವಾಲುಗಳು’ ಎಂದೂ, ರಾಯಚೂರಿನಲ್ಲಿ ‘ಸವಾಲುಗಳು ಮತ್ತು ಅವಕಾಶಗಳು’ ಎಂದೂ, ಗದಗದಲ್ಲಿ ‘ಅವಕಾಶಗಳು ಮತ್ತು ಸವಾಲುಗಳು’ ಎಂದೂ ಮಂಡಿಸಿ ಬರುತ್ತಾರೆ. ನಾನು ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯುತ್ತೇನೆ. ವಂದನಾರ್ಪಣೆ ಮಾಡಿದರೂ ಅದಕ್ಕೊಂದು ಸಾಲು. ಈ ಪುಟಗಳನ್ನು ಯಾರು ಓದುತ್ತಾರೆ ಎಂಬ ಅನುಮಾನ ನನಗೆ ಬಹಳ ದಿನಗಳಿಂದ ಇತ್ತು. ಒಂದು ಸಲ ‘ಎರಡು ದಿನಗಳ ಕಾರ್ಯಾಗಾರ’ ಎಂಬುದು ನನ್ನ ಕೈತಪ್ಪಿನಿಂದ ‘ಎರಡು ದಿನಗಳ ಕಾರಾಗಾರ’ ಎಂದು ಅಚ್ಚಾಗಿ, ಐವತ್ತು ಜನ ಅದರಲ್ಲಿ ಉತ್ಸಾಹದಿಂದ ಪಾಲ್ಗೊಂಡರು ಎಂದು ಊರೂರಿಗೆ ಹೋಯಿತು. ಯಾರೂ ಒಂದು ಮಾತು ಆಡಲಿಲ್ಲ. ಪಾಲ್ಗೊಂಡವರೂ ಆಡಲಿಲ್ಲ.

ಎಲ್ಲರ ಹೆಸರಿನ ಮುಂದೆಯೂ ನಾನು ಏನಾದರೂ ಬರೆಯುತ್ತಿದ್ದೆ. ನನ್ನ ಹೆಸರಿನ ಮುಂದೆ ಮಾತ್ರ ಒಂದು ಗೆರೆ ಎಳೆದು ಬಿಡುತ್ತಿದ್ದೆ. ಇದರಿಂದ ನನಗೇನೂ ಬೇಸರವಿರಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಹೇಳಿಕೊಳ್ಳುತ್ತಿದ್ದುದು ನನಗೇ, ಏಕೆಂದರೆ ಜಲನಗರದ ನನ್ನ ಎರಡು ಕೋಣೆಯ ಮನೆಯಲ್ಲಿ ಬೇರೆ ಯಾರೂ ಇಲ್ಲ. ಮದುವೆಯಾಗಲಿಲ್ಲ. ಏಕೆ ಎಂದು ಕೇಳುವವರು ಒಂದು ಕಾಲಕ್ಕೆ ಬಹಳ ಮಂದಿ ಇದ್ದರು. ನಾನು ಐವತ್ತು ದಾಟಿದ ಮೇಲೆ ಅವರೂ ಕೇಳುವುದನ್ನು ಬಿಟ್ಟರು. ಕೇಳುವಾಗ ಸಿಟ್ಟು ಬರುತ್ತಿತ್ತು, ಬಿಟ್ಟಾಗ ಏನೋ ಕಳೆದುಕೊಂಡಂತಾಯಿತು. ಐದು ಗಂಟೆಗೆ ಎಲ್ಲರೂ ಗಾಡಿ ಹತ್ತಿ ಹೋದ ಮೇಲೂ ನಾನು ಕಚೇರಿಯಲ್ಲಿ ಏನಾದರೊಂದು ಕಡತ ಜೋಡಿಸುತ್ತ ಕೂರುತ್ತಿದ್ದೆ. ‘ಎಷ್ಟ್ ಕೆಲಸ ಮಾಡ್ತೀರಿ ನೀವು’ ಎಂದು ನಿರ್ದೇಶಕರು ಮೆಚ್ಚಿಕೊಳ್ಳುತ್ತಿದ್ದರು. ಮನೆಗೆ ಹೋದರೆ ಅಲ್ಲಿ ಮಾತಾಡಲು ಯಾರೂ ಇಲ್ಲ ಎಂಬುದನ್ನು ಮೇಲಧಿಕಾರಿಗೆ ಬಿಡಿಸಿ ಹೇಳುವುದು ಹೇಗೆ? ಮೆಚ್ಚುಗೆಯನ್ನು ಹಾಗೆಯೇ ಇಟ್ಟುಕೊಂಡೆ.

ಈ ಸಲ ನಿರ್ದೇಶಕರು ಹೊಸ ನಿಯಮ ತಂದರು. ‘ಯಾರ ಹೆಸರಿನ ಮುಂದೂ ಖಾಲಿ ಇರಬಾರ್ದು. ನಿಮ್ಮದೂ ಸೇರಿ,’ ಎಂದು ನನ್ನ ಕಡೆ ನೋಡಿ ಹೇಳಿದರು. ಅದೇ ವಾರ ಬಬಲೇಶ್ವರದ ಒಂದು ಕಾಲೇಜಿನಿಂದ ಉಪನ್ಯಾಸಕ್ಕೆ ಕರೆ ಬಂತು. ವಿಷಯ, ನಮ್ಮ ಸಂಸ್ಥೆ ತಿಕೋಟಾ ಭಾಗದಲ್ಲಿ ಆಗಷ್ಟೇ ಮುಗಿಸಿದ್ದ ಹೆಣ್ಣುಮಕ್ಕಳ ದುಡಿಮೆಯ ಸಮೀಕ್ಷೆ. ಅದನ್ನು ನಡೆಸಿದ ಬಿರಾದಾರ ಸರ್‌ಗೆ ಅಂದು ಧಾರವಾಡದಲ್ಲಿ ಮತ್ತೊಂದು ಸಾಧನೆ ಇತ್ತು. ‘ಟೇಬಲ್ ಎಲ್ಲಾ ಟೈಪ್ ಮಾಡಿದವರು ನೀವ. ನನಗಿಂತ ನಿಮಗ ಚಲೋ ಗೊತ್ತೈತಿ. ನೀವ ಹೋಗ್ರಿ,’ ಎಂದರು. ನಾನು ಬೇಡ ಎಂದೆ. ಆದರೆ ಎರಡನೆಯ ಸಲ ಹೇಳಲಿಲ್ಲ, ಎಲ್ಲಿ ಒಪ್ಪಿಬಿಡುತ್ತಾರೋ ಎಂದು.

ಹತ್ತು ದಿನ ತಯಾರಿ ನಡೆಸಿದೆ. ಬೀರುವಿನ ಕನ್ನಡಿಯ ಮುಂದೆ ನಿಂತು ‘ಮಾನ್ಯ ಪ್ರಾಂಶುಪಾಲರೇ’ ಎಂದು ಶುರುಮಾಡಿದರೆ, ಪಕ್ಕದ ಮನೆಯ ಹುಡುಗಿ ಕಿಟಕಿಯಿಂದ ಇಣುಕಿ ‘ಆಂಟಿ, ಯಾರ್ ಬಂದಾರ್ರಿ?’ ಎಂದು ಕೇಳಿದಳು. ಯಾರೂ ಬಂದಿಲ್ಲ ಎಂದು ಹೇಳಲು ನಾಚಿಕೆಯಾಗಿ, ಫೋನು ಎಂದೆ. ಕೊನೆಯ ಎರಡು ದಿನ ಕಚೇರಿಯಲ್ಲೂ ಮೈಮೇಲೆ ಎಚ್ಚರವಿಲ್ಲದಂತೆ ಉಪನ್ಯಾಸದ ಹಾಳೆಗಳನ್ನೇ ಓದುತ್ತ ಕೂತೆ. ಆ ದಿನ ಇಳಕಲ್ ಸೀರೆ ಉಟ್ಟು ಬಸ್ಸು ಹತ್ತಿ ಬಬಲೇಶ್ವರದಲ್ಲಿ ಇಳಿದೆ.

ಕಾಲೇಜಿನ ಗೇಟು ತೆರೆದಿತ್ತು. ಒಳಗೆ ಮಾತ್ರ ಒಂದು ಸದ್ದಿಲ್ಲ. ವರಾಂಡದಲ್ಲಿ ಒಬ್ಬ ಹೆಣ್ಣುಮಗಳು ಕಸಬರಿಗೆ ಪಕ್ಕಕ್ಕಿಟ್ಟು ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ಎದ್ದು ಸೆರಗು ಸರಿಮಾಡಿಕೊಂಡಳು. ಅವಳ ಹೆಸರು ಮಾಲನಬಿ ಎಂದು ಆಮೇಲೆ ತಿಳಿಯಿತು. ಆ ಕಾಲೇಜಿನ ಕಸ, ನೀರು ನೋಡಿಕೊಳ್ಳುವವಳು.

‘ಎಲ್ಲಾರೂ ವಿಜಾಪುರಕ್ಕ ಹೋಗ್ಯಾರ್ರಿ ಅಕ್ಕಾರ. ಗುಮ್ಮಟದ ಕಡೆ ಏನೋ ಜಾಥಾ ಐತಂತ. ನಿಮಗ ತಿಳಿಸಿಲ್ಲೇನ್ರಿ?’

ನಾನು ಅಲ್ಲೇ ನಿಂತು ಮೊಬೈಲಿನಲ್ಲಿ ಕಚೇರಿಯ ಈಮೇಲ್ ತೆರೆದೆ. ತಿಳಿಸಿದ್ದರು. ಎರಡು ದಿನ ಮೊದಲೇ, ಬಹಳ ವಿನಯದಿಂದ, ಕಾರ್ಯಕ್ರಮವನ್ನು ಮುಂದೂಡಿದ್ದೇವೆ ಎಂದು ಬರೆದಿದ್ದರು. ಕಚೇರಿಯ ಈಮೇಲ್ ನೋಡುವುದು ಯಾರ ಕೆಲಸ ಎಂದು ಮೇಲೆಯೇ ಹೇಳಿದ್ದೇನೆ. ಬೈಯಬೇಕೆಂದರೂ ನನ್ನನ್ನು ಬಿಟ್ಟು ಇನ್ನೊಬ್ಬರು ಸಿಗಲಿಲ್ಲ.

ವಾಪಸು ಹೋಗುವ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಮಾಲನಬಿ ನೀರು ತಂದುಕೊಟ್ಟಳು. ಸೀರೆಯನ್ನೂ ಕೈಯಲ್ಲಿದ್ದ ಹಾಳೆಗಳನ್ನೂ ನೋಡಿ, ‘ಏನ್ ಹೇಳಾಕ ಬಂದಿದ್ರಿ?’ ಎಂದಳು. ಹೆಣ್ಣುಮಕ್ಕಳ ದುಡಿಮೆಯ ಬಗ್ಗೆ ಎಂದೆ. ‘ಹಂಗಾರ ಹೇಳ್ರಿ. ನಾ ಕೇಳ್ತೀನಿ. ಬಸ್ ಬರೂತನಕ ನೀವರ ಏನ್ ಮಾಡ್ತೀರಿ,’ ಎಂದು ಒಂದು ತರಗತಿಯ ಬಾಗಿಲು ತೆರೆದಳು. ನಾನು ತಮಾಷೆ ಎಂದುಕೊಂಡೆ. ಅವಳು ಹೋಗಿ ಮೊದಲನೆಯ ಬೆಂಚಿನಲ್ಲಿ ಕೂತು, ಎರಡೂ ಕೈಗಳಿಂದ ಬೆಂಚನ್ನು ಸವರಿದಳು. ‘ಹನ್ನೊಂದ ವರ್ಷ ಆತ್ರಿ ಇವನ್ನ ಒರಸಾಕತ್ತ. ಒಮ್ಮಿನೂ ಕುಂತಿಲ್ಲ,’ ಎಂದಳು. ಅದನ್ನು ಕೇಳಿದ ಮೇಲೆ ನಾನು ಹಿಂದೆ ಸರಿಯುವಂತಿರಲಿಲ್ಲ.

ಹತ್ತು ದಿನ ಬಾಯಿಪಾಠ ಮಾಡಿದ್ದು ತಾನಾಗಿ ಹೊರಗೆ ಬಂತು. ‘ಮಾನ್ಯ ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ...’

‘ಅವರು ಯಾರೂ ಇಲ್ರಿ,’ ಎಂದಳು ಮಾಲನಬಿ ಮೆಲ್ಲಗೆ, ನನಗೆ ಮರೆತಿರಬಹುದು ಎಂದು ನೆನಪಿಸುವಂತೆ.

ನಾನು ಸಾವರಿಸಿಕೊಂಡು ಮುಂದುವರಿಸಿದೆ. ತಿಕೋಟಾ ಭಾಗದ ದ್ರಾಕ್ಷಿ ತೋಟಗಳು, ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡುಗಳು, ಅಲ್ಲಿ ಕೂಲಿಗೆ ಬರುವ ಹೆಣ್ಣುಮಕ್ಕಳು, ಎಲ್ಲ ಹೇಳಿ, ಇವರಲ್ಲದೆ ಯಾವ ಕೆಲಸವನ್ನೂ ಮಾಡದೆ ಮನೆಯಲ್ಲಿರುವ ಹೆಣ್ಣುಮಕ್ಕಳು ಬಹಳ ಮಂದಿ ಎಂದು ನಮ್ಮ ಸಮೀಕ್ಷೆ ಕಂಡುಕೊಂಡಿದೆ ಎಂದೆ. ಮಾಲನಬಿ ಶಾಲೆಯ ಮಗುವಿನಂತೆ ಕೈ ಎತ್ತಿದಳು.

‘ಅಕ್ಕಾರ, ನನ್ನ ತಂಗಿನ್ನ ತಿಕೋಟಾಕ್ಕ ಕೊಟ್ಟೈತ್ರಿ. ಜೈತುನಬಿ ಅಂತ. ನಿಮ್ಮವರು ಅವರ ಮನಿಗೂ ಹೋಗಿದ್ರು. ಬಾಗಲದಾಗ ನಿಂತು ಅಕಿ ಗಂಡನ್ನ ಕೇಳಿದ್ರು, ಅಕಿನ್ನ ಕೇಳಲಿಲ್ಲ. ಅಕಿ ಏನೂ ಮಾಡೂದಿಲ್ಲ, ಮನ್ಯಾಗ ಇರ್ತಾಳ ಅಂತ ಅವ ಬರಿಸ್ಯಾನ್ರಿ. ಬೆಳಗಾದ್ರ ಅಕಿ ಎಮ್ಮಿ ಹಿಂಡಿ, ರೊಟ್ಟಿ ಬಡದು, ತೋಟಕ್ಕ ಹೋಗಿ, ಹೊತ್ತ ಮುಳಗೂತನಕ ತಮ್ಮ ಶೆಡ್ಡಿನ್ಯಾಗ ಮಣೂಕ ಆರಸ್ತಾಳ. ಸ್ವಂತದ್ದು ಅಂತ ಕೂಲಿ ಇಲ್ಲ. ಕೂಲಿ ಇಲ್ಲಂದ್ರ ಕೆಲಸಾನೂ ಇಲ್ಲಂತೇನ್ರಿ?’

‘ಯಾವುದೇ ಕೆಲಸ ಮಾಡದವರು’ ಎಂಬ ಕಾಲಂ ಟೈಪ್ ಮಾಡಿದವಳು ನಾನು. ಒಂದೊಂದೇ ಅಂಕಿ ಒತ್ತುವಾಗ ಆ ಕಾಲಮಿನೊಳಗೆ ಒಬ್ಬ ಜೈತುನಬಿ ಎಮ್ಮೆ ಹಿಂಡುತ್ತಿರಬಹುದು ಎಂದು ನನಗೆ ಹೊಳೆದಿರಲಿಲ್ಲ. ಹಾಳೆ ಮಡಚಿ, ಮತ್ತೇನಾದರೂ ಪ್ರಶ್ನೆ ಇದೆಯೇ ಎಂದು ಕೇಳಿದೆ. ಇತ್ತು.

‘ನಿಮ್ಮ ಮನ್ಯಾಗ ಎಷ್ಟ ಮಂದಿರಿ?’

‘ನಾನೊಬ್ಬಳೇ.’

ಅವಳು, ‘ಒಬ್ಬರಿಗೆ ರೊಟ್ಟಿ ಹೆಂಗ ಬಡೀತೀರಿ?’ ಎಂದಳು.

ಮದುವೆ ಏಕಾಗಲಿಲ್ಲ ಎಂದು ನೂರು ಜನ ಕೇಳಿದ್ದಾರೆ. ರೊಟ್ಟಿ ಹೇಗೆ ಬಡಿಯುತ್ತೀರಿ ಎಂದು ಯಾರೂ ಕೇಳಿರಲಿಲ್ಲ. ಒಬ್ಬರಿಗೆಂದು ಹಿಟ್ಟು ಕಲಸುವುದು ಎಷ್ಟು ಕಷ್ಟ, ಮಾಡಿದರೆ ಹೆಚ್ಚಾಗುತ್ತದೆ, ಇಲ್ಲವೆ ಬೇಸರವಾಗಿ ಮಾಡುವುದೇ ಇಲ್ಲ, ಅಂಗಡಿಯಿಂದ ಒಣ ರೊಟ್ಟಿ ತಂದಿಟ್ಟುಕೊಳ್ಳುತ್ತೇನೆ ಎಂದು ಹೇಳಿದೆ. ಅವಳು ತನ್ನ ಡಬ್ಬಿ ಬಿಚ್ಚಿ ಎರಡು ಮೆತ್ತನೆಯ ರೊಟ್ಟಿ, ಬದನೆಕಾಯಿ ಪಲ್ಯ ನನ್ನ ಕಡೆ ಸರಿಸಿದಳು. ಉಪನ್ಯಾಸ ಅಲ್ಲಿಗೆ ಮುಗಿಯಿತು.

ಆಮೇಲೆ ಎರಡು ದಿನ ಸಂಕಟಪಟ್ಟೆ. ಸಮೀಕ್ಷೆಯ ವರದಿ ಅಚ್ಚಿಗೆ ಹೋಗಲು ಸಿದ್ಧವಾಗಿತ್ತು. ನಮ್ಮ ವರ್ಷದ ದೊಡ್ಡ ಸಾಧನೆ ಅದೇ. ಅದರಲ್ಲಿ ತಪ್ಪಿದೆ ಎಂದು ಹೇಳಲು ಕಚೇರಿ ಸಹಾಯಕಿ ಯಾರು? ಹೀಗೆ ಮಾಡಲೇ ಎಂದು ಕೇಳಿಕೊಳ್ಳಲು ಮನೆಯಲ್ಲಿ ಒಬ್ಬರಿದ್ದರೆ ಹೇಳಬೇಡ ಎನ್ನುತ್ತಿದ್ದರೋ ಏನೋ. ತಡೆಯುವವರು ಯಾರೂ ಇಲ್ಲದ್ದರಿಂದ ಮೂರನೆಯ ದಿನ ನಿರ್ದೇಶಕರ ಕೋಣೆಗೆ ಹೋಗಿ ಎಲ್ಲ ಹೇಳಿದೆ, ಓದದೆ ಬಿಟ್ಟ ಈಮೇಲನ್ನೂ ಸೇರಿಸಿ.

ಅವರು ಕನ್ನಡಕ ತೆಗೆದಿಟ್ಟರು. ‘ಒಬ್ಬ ಹೆಣಮಗಳು ಹೇಳಿದ್ಲಂತ ಇಡೀ ವರದಿ ನಿಲ್ಲಸೂದೇನ್ರಿ?’

‘ನಿಲ್ಲಸಬ್ಯಾಡ್ರಿ ಸರ್. ಕೆಲವು ಮನಿಗೆ ನಾ ಹೋಗಿ ಹೆಣ್ಣಮಕ್ಕಳನ್ನ ಕೇಳಿ ಬರ್ತೀನಿ. ಅಲ್ಲೀತನಕ ತಡೀರಿ,’ ಎಂದೆ.

‘ರಜಾ ದಿನ ಹೋಗ್ರಿ. ಕಚೇರಿ ಕೆಲಸ ನಿಲ್ಲಬಾರ್ದು,’ ಎಂದರು. ಅವರ ಪಾಲಿಗೆ ಅದು ಶಿಕ್ಷೆ. ಭಾನುವಾರದ ಮಧ್ಯಾಹ್ನವನ್ನು ಕಳೆಯಲು ನಾನು ಪಡುವ ಪಾಡು ಅವರಿಗೆ ಗೊತ್ತಿರಲಿಲ್ಲ.

ಮೊದಲನೆಯ ಭಾನುವಾರ ಮಾಲನಬಿಯೇ ತಿಕೋಟಾಕ್ಕೆ ಜೊತೆಗೆ ಬಂದಳು. ಜೈತುನಬಿಯ ಗಂಡ ಬಾಗಿಲಲ್ಲೇ ಎದುರಾಗಿ, ಕೇಳುವ ಮೊದಲೇ ಉತ್ತರ ಕೊಟ್ಟ. ‘ಹೋದ ಸಲಾನ ಬರಸೇನಲ್ರಿ. ಅಕಿ ಏನ್ ಮಾಡ್ತಾಳ, ಮನ್ಯಾಗ ಇರ್ತಾಳ.’

ಒಳಗಿನಿಂದ ಜೈತುನಬಿಯ ದನಿ ಬಂತು. ‘ನಿನ್ನಿ ಶೆಡ್ಡಿನ್ಯಾಗ ಹೊತ್ತ ಮುಳಗೂತನಕ ಇದ್ದಾಕಿ ಯಾರು ಮತ್ತ?’

ಅವನು ತೋಟದಲ್ಲಿ ಮೋಟಾರು ಚಾಲೂ ಇದೆ ಎಂದು ಹೇಳಿ ಹೊರಟುಹೋದ. ನಾನು ಅಡಿಗೆಮನೆಯಲ್ಲಿ ಮಣೆಯ ಮೇಲೆ ಕೂತು ಸಮೀಕ್ಷೆಯ ಫಾರಂ ತುಂಬಿದೆ. ಹಾಗೆಯೇ ಪಕ್ಕದ ಮನೆ, ಅದರ ಪಕ್ಕದ ಮನೆ. ಎಲ್ಲ ಕಡೆಯೂ ‘ಏನೂ ಮಾಡದ’ ಹೆಂಗಸರಿಗೆ ನನ್ನ ಜೊತೆ ಮಾತಾಡಲು ಪುರಸೊತ್ತಿರಲಿಲ್ಲ. ಕೈ ಕೆಲಸ ಬಿಡದೆಯೇ ಉತ್ತರ ಹೇಳಿದರು. ನನ್ನ ಕೈಯೂ ಸುಮ್ಮನಿರಲಿಲ್ಲ, ಬರೆಯುವುದರ ನಡುವೆ ಮಣೂಕದ ತೊಟ್ಟು ಬಿಡಿಸಿದೆ, ಬೆಳ್ಳುಳ್ಳಿ ಸುಲಿದೆ. ಐದಾರು ಭಾನುವಾರ ಹೀಗೆ ಹೋದವು. ತುಂಬಿದ ಫಾರಂಗಳನ್ನು ನಿರ್ದೇಶಕರ ಮೇಜಿನ ಮೇಲಿಟ್ಟಾಗ ಅವರು ಒಂದೊಂದನ್ನೂ ಓದಿದರು. ಓದಿ, ಬಿರಾದಾರ ಸರ್ ಅವರನ್ನು ಕರೆಸಿ, ಅಚ್ಚಿಗೆ ಹೋಗಬೇಕಾದ ವರದಿಯನ್ನು ತಡೆದು, ಆ ಕೋಷ್ಟಕವನ್ನು ಹೊಸದಾಗಿ ಮಾಡಿಸಿದರು. ನನಗೆ ಹೇಳಿದ್ದು ಒಂದೇ ಮಾತು, ‘ಚಲೋ ಆತ್ರಿ.’ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡೆ.

ವಾರ್ತಾಪತ್ರವೂ ಬಂತು. ನನ್ನ ಹೆಸರಿನ ಮುಂದೆ ‘ಬಬಲೇಶ್ವರದಲ್ಲಿ ವಿಶೇಷ ಉಪನ್ಯಾಸ, ಸಭಿಕರ ಸಂಖ್ಯೆ: ಒಂದು’ ಎಂದು ಬರೆದಿದ್ದೆ. ನಿರ್ದೇಶಕರು ಅದನ್ನು ಹೊಡೆದು ‘ಆಯ್ದ ಸಭಿಕರ ಎದುರು’ ಎಂದು ತಿದ್ದಿದ್ದರು. ತಿಕೋಟಾದ ಕೆಲಸ ‘ಸಮೀಕ್ಷಾ ವಿಧಾನದಲ್ಲಿ ಹೊಸ ಪ್ರಯೋಗ’ ಎಂಬ ಹೆಸರಿನಲ್ಲಿ ಬಿರಾದಾರ ಸರ್ ಖಾತೆಗೆ ಹೋಯಿತು. ಅವರು ಅದನ್ನು ಆಗಲೇ ಎರಡು ಊರಿನಲ್ಲಿ ಮಂಡಿಸಿದ್ದಾರೆ. ವರದಿಯ ಕೃತಜ್ಞತೆಯ ಪುಟ ಟೈಪ್ ಮಾಡುವಾಗ ಮಾಲನಬಿಯ ಹೆಸರನ್ನು ನಾನೇ ಸೇರಿಸಿದ್ದೆ. ಬಿರಾದಾರ ಸರ್ ಅದರ ಮೇಲೆ ಬೆರಳಿಟ್ಟು, ‘ಇವರು ಯಾವ ಯೂನಿವರ್ಸಿಟಿಯವರ್ರಿ?’ ಎಂದು ಕೇಳಿದರು. ಬಬಲೇಶ್ವರದವರು ಎಂದೆ. ‘ಹೌದಾ, ಹೆಸರು ಕೇಳೀನಿ,’ ಎಂದು ತಲೆ ಆಡಿಸಿದರು.

ಕೆಲಸ ಮುಗಿದ ಮೇಲೆ ಬಂದ ಮೊದಲ ಭಾನುವಾರ ನಾನು ಬೆಳಗ್ಗೆಯೇ ಎದ್ದು ಸೀರೆ ಉಟ್ಟು, ಹೋಗಲು ಊರಿಲ್ಲದೆ ಕುರ್ಚಿಯಲ್ಲಿ ಕೂತೆ. ಹನ್ನೊಂದು ಗಂಟೆಯವರೆಗೆ ಕೂತಿದ್ದು, ಆಮೇಲೆ ಜೈತುನಬಿಯ ಫಾರಂನ ನಕಲನ್ನು ಚೀಲಕ್ಕೆ ಹಾಕಿಕೊಂಡು ತಿಕೋಟಾ ಬಸ್ಸು ಹತ್ತಿದೆ. ಅವಳು ಒಲೆಯ ಮುಂದಿದ್ದಳು. ಒಂದು ಉತ್ತರ ಬಿಟ್ಟುಹೋಗಿದೆ, ಕೇಳಿಕೊಂಡು ಹೋಗಲು ಬಂದೆ ಎಂದೆ. ಫಾರಂ ಬಿಚ್ಚಿ, ಆಗಲೇ ಉತ್ತರ ಬರೆದಿದ್ದ ಜಾಗವನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು, ದಿನಕ್ಕೆ ಎಷ್ಟು ಸಲ ನೀರು ತರುತ್ತೀರಿ ಎಂದು ಗಂಭೀರವಾಗಿ ಕೇಳಿದೆ.

‘ಇದನ್ನ ಮದ್ಲ ಕೇಳಿದ್ರಲ್ರಿ ಅಕ್ಕಾರ,’ ಎಂದಳು ಅವಳು, ಹಿಟ್ಟಿನ ಕೈಯಿಂದಲೇ ಮಣೆ ಸರಿಸುತ್ತ.

ಸಂಶೋಧನೆಯಲ್ಲಿ ಎರಡು ಸಲ ಕೇಳಬೇಕಾಗುತ್ತದೆ ಎಂದು ನಾನು ವಿವರಿಸಿದೆ.

‘ಹೌದೇನ್ರಿ? ಹಂಗಾರ ಮುಂದಿನ ಐತವಾರ ಬಂದು ಮೂರನೇ ಸಲ ಕೇಳ್ರಿ,’ ಎಂದು ಅವಳು ಇನ್ನೊಂದು ಮುಷ್ಟಿ ಹಿಟ್ಟು ಹಾಕಿದಳು. ನಾನು ಪೆನ್ನು ತೆಗೆದು ‘ಮುಂದಿನ ಐತವಾರ’ ಎಂದು ಬರೆದುಕೊಂಡೆ.