ಗುರುಪ್ರಸಾದನ ಐದನೇ ಚಕ್ರ

ಕೋಡಿಬಾಗದ ಗುರುಪ್ರಸಾದನಿಗೆ ಕೆಲವು ತಿಂಗಳಿಂದ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಕಾಯಿಲೆ ಏನೂ ಇಲ್ಲ. ಎದುರು ಮನೆಯ ವಿಕಾಸ ತನ್ನ ಪಿಕಪ್ಪಿನ ಹಿಂಭಾಗದಲ್ಲಿ, ಸರಕು ಹೇರುವ ಜಾಗದ ನಟ್ಟನಡುವೆ, ನೀಲಿ ಬಣ್ಣದ ದೊಡ್ಡದೊಂದು ಕಬ್ಬಿಣದ ಕೊಂಡಿ ಕೂರಿಸಿಕೊಂಡಿದ್ದ. ಅದಕ್ಕೆ ಉದ್ದನೆಯ ಟ್ರಾಲಿ ಸಿಕ್ಕಿಸಿ, ಮಾಜಾಳಿಯ ರೆಸಾರ್ಟೊಂದರ ದೋಣಿಗಳನ್ನು ಎಳೆದೊಯ್ಯುತ್ತಿದ್ದ. ರಸ್ತೆಯ ಮೇಲೆ ದೋಣಿ ಹೋಗುವುದನ್ನು ನೋಡಲು ಓಣಿಯ ಮಂದಿಯೆಲ್ಲ ಗೇಟಿಗೆ ಬಂದು ನಿಲ್ಲುತ್ತಿದ್ದರು. ಗುರುಪ್ರಸಾದನ ಹೆಂಡತಿ ನೀತಾಳೂ ನಿಲ್ಲುತ್ತಿದ್ದಳು. ಅವನಿಗೆ ತಡೆಯಲಾಗದೆ ಹೋದದ್ದು ಅದೇ.

ಗುರುಪ್ರಸಾದನದ್ದೂ ಪಿಕಪ್ಪೇ. ಅದೇ ಕಂಪನಿ, ಅದೇ ಬಿಳಿ ಬಣ್ಣ. ದಿನವೂ ಅಂಕೋಲೆಯಿಂದ ತರಕಾರಿ, ಬೇಸಿಗೆಯಲ್ಲಿ ಈಶಾಡು ಮಾವಿನಹಣ್ಣು ಹೇರಿಕೊಂಡು ಮಲ್ಲಾಪುರ ಟೌನ್‌ಶಿಪ್ಪಿನ ಗೋದಾವರಿಯಕ್ಕನ ಅಂಗಡಿಗೆ ಇಳಿಸುವುದು ಅವನ ಕೆಲಸ. ಮನೆ ನಡೆಯುತ್ತಿದ್ದದ್ದು ಅದೊಂದೇ ಬಾಡಿಗೆಯಿಂದ. ಆದರೆ ಬದನೆಕಾಯಿ ಹೇರಿದ ಗಾಡಿಯನ್ನು ನೋಡಲು ಯಾರು ಗೇಟಿಗೆ ಬರುತ್ತಾರೆ?

ವಿಕಾಸನ ಕೊಂಡಿಗೆ ಪೂಜೆಯಾದ ದಿನ ಇವನೂ ಹೋಗಿದ್ದ. "ಭಾರೀ ಚಲೋ ಅದೆ, ತಮಾ!" ಎನ್ನುತ್ತ ಅದರ ಮೈದಡವಿದ. ಎಲ್ಲರೂ ಪಂಚಕಜ್ಜಾಯಕ್ಕೆ ಕೈಯೊಡ್ಡಿದ ಹೊತ್ತು ನೋಡಿ, ಜೇಬಿನಿಂದ ಮನೆಯ ಬೀಗದ ಕೈ ತೆಗೆದು ನೀಲಿ ಬಣ್ಣದ ಮೇಲೆ ಕರಕರನೆ ಎರಡು ಅಡ್ಡಗೀರು ಎಳೆದ. ಕಬ್ಬಿಣದಲ್ಲೇ ಗಾಯವಾಯಿತು. ಅವತ್ತು ಮಾತ್ರ ಅವನು ಹೊಟ್ಟೆತುಂಬ ಉಂಡ.

ಅಷ್ಟಕ್ಕೇ ಉರಿ ಆರಲಿಲ್ಲ. ಹೋದ ಸೋಮವಾರ ದೇವಸ್ಥಾನಕ್ಕೆ ಹೋಗಿ ಪರಮೇಶ್ವರ ಭಟ್ಟರ ಮುಂದೆ ಕೈಮುಗಿದು ಹೂವಿನ ಕೌಲು ಕೇಳಿದ. ಭಟ್ಟರು ದೇವರ ಎರಡೂ ಬದಿಗೆ ಒದ್ದೆ ಹೂವು ಅಂಟಿಸಿದರು. ಬಲದ ಹೂವು ಬಿದ್ದರೆ ದೇವರು ಒಪ್ಪಿದಂತೆ, ಎಡದ್ದು ಬಿದ್ದರೆ ಇಲ್ಲ. ಗುರುಪ್ರಸಾದ ಮನಸ್ಸಿನಲ್ಲೇ, 'ವಿಕಾಸನ ಗಾಡಿಯಿಂದ ಕೊಂಡಿ ಇಳಿಯಲಿ, ನನ್ನ ಗಾಡಿಗೆ ಕೊಂಡಿ ಏರಲಿ. ಎರಡು ಕೆಲಸಕ್ಕೆ ಎರಡು ಗೊನೆ ಸಿಯಾಳ ಒಪ್ಪಿಸ್ತೆ' ಎಂದ. ಸಿಯಾಳದ ಹರಕೆಯನ್ನು ಮಾತ್ರ ಭಟ್ಟರ ಕಿವಿಗೂ ಹಾಕಿದ. ಭಟ್ಟರು ಕೈ ಹಿಂದಕ್ಕೆ ತೆಗೆಯುವುದರೊಳಗೆ ಬಲದ ಹೂವು ಬಿತ್ತು.

ಮರುದಿನವೇ ವಿಕಾಸ ಪಿಕಪ್ಪಿನ ಮೇಲೆ ತಾಡಪಾಲು ಬಿಗಿದ. ಡ್ರೈವರ್ ಸೀಟಿನ ಹಿಂದಿನ ಗಾಜಿಗೂ ರಟ್ಟು ಅಂಟಿಸಿದ. "ನೋಡ್ದ್ಯಾ ಅವನ ಜಂಬ! ನಮ್ಮ ದೃಷ್ಟಿ ತಾಗ್ತದೆ ಅಂತ ಮುಚ್ಚಿಟ್ಕಂಡಾನೆ" ಎಂದು ಗುರುಪ್ರಸಾದ ಹೆಂಡತಿಯ ಮುಂದೆ ಹಲ್ಲು ಕಡಿದ.

ಕಾರವಾರದಲ್ಲಿ ಕೊಂಡಿ ಹಾಕಿಸಿದರೆ ಬೋಲ್ಟು ಬಿಗಿಯುವ ಮೊದಲೇ ಕೋಡಿಬಾಗಕ್ಕೆ ಸುದ್ದಿ ಮುಟ್ಟುತ್ತದೆ. ಅದಕ್ಕೆಂದೇ ಅವನು ಶನಿವಾರ ಬೆಳಿಗ್ಗೆ ಯಾರಿಗೂ ಹೇಳದೆ ಅಂಕೋಲೆಯ ಮಾದನ ವೆಲ್ಡಿಂಗ್ ಶೆಡ್ಡಿಗೆ ಬಂದ. ಅಲ್ಲಿ ಕೆಂಪು ಬಣ್ಣ ಬಳಿದುಕೊಂಡ ಕೊಂಡಿಯೊಂದು ಬಿಸಿಲಿಗೆ ಒಣಗುತ್ತಿತ್ತು.

"ಗೋವೆ ಮಾಲು, ಗುರಣ್ಣಾ. ಇದಕ್ಕೆ ಫಿಫ್ತ್ ವೀಲ್ ಅಂತ್ರು. ಐದನೇ ಚಕ್ರ!" ಎಂದ ಮಾದ.

"ಚಕ್ರ ಎಲ್ಲದೆ ಇದ್ರಲ್ಲಿ?"

"ಹೆಸರು ಹಾಂಗೆ, ಮಾರಾಯಾ. ನಿನ್ನ ಟ್ರಾಲಿ ಎಲ್ಲಿ?"

"ಮೊದ್ಲು ಕೊಂಡಿ ಕೂರ್ಲಿ. ಕೊಂಡಿ ಕಂಡ್ರೆ ಟ್ರಾಲಿ ತಾನಾಗೇ ಬರ್ತದೆ" ಎಂದ ಗುರುಪ್ರಸಾದ. ಮಾದನೂ ಅದನ್ನು ಒಪ್ಪಿದ.

ಕೊಂಡಿ ಮಾತ್ರ ಒಪ್ಪಲಿಲ್ಲ. ಪಿಕಪ್ಪಿನ ತಗಡು ಏಣುಏಣಾಗಿದ್ದುದರಿಂದ ಎಲ್ಲಿ ಇಟ್ಟರೂ ಕುಂಟುಕಾಲಿನ ಮಣೆಯಂತೆ ಅಲ್ಲಾಡಿತು. ಹಿಂದಕ್ಕಿಟ್ಟು ಇಬ್ಬರೂ ಹತ್ತಿ ನಿಂತು ನೋಡಿದರೆ ಗಾಡಿಯ ಮೂತಿ ಮೇಲಕ್ಕೆದ್ದಿತು. ಮುಂದಕ್ಕೆ ಸರಿಸಿದರೆ, ತಿರುವಿನಲ್ಲಿ ಟ್ರಾಲಿಯ ಮೂಲೆ ಬಂದು ಡ್ರೈವರನ ಬೆನ್ನ ಹಿಂದಿನ ಗಾಜಿಗೆ ಗುದ್ದುವ ಹಾಗಿತ್ತು.

"ತಿರುವು ಬಂದಾಗ ನಿಧಾನ ಹೋದ್ರೆ ಆಯ್ತು" ಎಂದ ಮಾದ.

"ಕಾರವಾರ ರಸ್ತೇಲಿ ತಿರುವು ಬಿಟ್ರೆ ಬೇರೆ ಎಂತದದೆ?"

ಕಡೆಗೆ ನಡುವೆಯೇ ಇಟ್ಟು ಮಾದ ಡ್ರಿಲ್ಲು ಹಿಡಿದ. ಮೊದಲನೇ ತೂತಿಗೆ ಹಿಂದಿನ ದೀಪದ ವೈರು ಕಡಿಯಿತು. ಎರಡನೇ ತೂತಿಗೆ ಗಾಡಿಯಡಿಯಿಂದ 'ಬುಸ್ಸ್' ಎಂದು ಯಾರೋ ನಿಟ್ಟುಸಿರು ಬಿಟ್ಟಂತಾಯಿತು. ಬಗ್ಗಿ ನೋಡಿದರೆ ಅಲ್ಲಿ ತೂಗುಹಾಕಿದ್ದ ಸ್ಟೆಪ್ನಿ ಚಪ್ಪಟೆಯಾಗಿತ್ತು.

"ಐದನೇ ಚಕ್ರ ಹಾಕೂಕೆ ಹೋಗಿ ಇದ್ದ ಐದನೇ ಚಕ್ರ ಕಳೆದ್ಯಲ್ಲೋ!" ಎಂದು ಗುರುಪ್ರಸಾದ ತಲೆ ಹಿಡಿದುಕೊಂಡ.

"ಸ್ಟೆಪ್ನಿ ದಿನಾ ಬೇಕಾಗೂ ವಸ್ತು ಅಲ್ಲ, ಗುರಣ್ಣಾ" ಎಂದು ಮಾದ ಸಮಾಧಾನ ಹೇಳಿ ಮೂರನೇ ತೂತಿಗೆ ಕೈಹಾಕಿದ. ಟ್ರಾಲಿಯ ಕುತ್ತಿಗೆಗೆ ಅಡ್ಡ ಬರುತ್ತದೆಂದು ಪಿಕಪ್ಪಿನ ಹಿಂದಿನ ಬಾಗಿಲನ್ನೂ ಕಳಚಿ ಗೋಡೆಗೆ ಒರಗಿಸಿದ.

ಕೊಂಡಿ ಕೂತಾಗ ಮಧ್ಯಾಹ್ನ ಕಳೆದಿತ್ತು. ಗುರುಪ್ರಸಾದ ದೂರ ನಿಂತು ನೋಡಿದ. ವಿಕಾಸನದ್ದು ಇದರ ಮುಂದೆ ಎಲ್ಲಿ? ಅದು ನೀಲಿ, ಇದು ಕೆಂಪು. ಎಷ್ಟೋ ದಿನದ ಮೇಲೆ ಹಸಿವಾಯಿತು. ಶೆಡ್ಡಿನ ಅಂಗಳದ ತಗಡಿನ ಚೂರುಗಳ ಮೇಲೆಯೇ ಗಾಡಿ ತಿರುಗಿಸಿಕೊಂಡು ಹೊರಟ.

ಅಂಕೋಲೆ ಪೇಟೆಯಲ್ಲಿ ಮಾವಿನಹಣ್ಣಿನ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದ ಬೀರಿ, ಗಾಡಿ ನೋಡಿ ಎಲೆಯಡಿಕೆ ಉಗಿದಳು.

"ಇದೆಂತದೋ ಮಗಾ, ಗಾಡಿ ನಡೂಕೆ ಒರಳು ಕೂರ್ಸಕಂಡ್ ಬಂದೀಯಾ? ನನ್ನ ಬುಟ್ಟಿ ನಿನ್ನ ತಲೆ ಮೇಲೆ ಇಡೂದಾ?"

ಸುತ್ತಲೂ ಇಟ್ಟದ್ದಾಯಿತು. ಅರ್ಧ ಬುಟ್ಟಿಗಳು ಹಿಡಿದವು. ಉಳಿದವನ್ನು ಬೀರಿ ಬೈಯುತ್ತ, ಕೊಂಡಿಗೇ ಒತ್ತಿ, ಒಂದರ ಮೇಲೊಂದು ಪೇರಿಸಿದಳು. ಹಿಂದಿನ ಬಾಗಿಲಿಲ್ಲದ್ದಕ್ಕೆ ಹಗ್ಗ ಬಿಗಿದರು. ಗೋದಾವರಿಯಕ್ಕನ ಫೋನು ಬಂದಾಗ, "ಹೊರಟೆ ಅಕ್ಕಾ, ಅರ್ಧ ದಾರೀಲಿದ್ದೆ" ಎಂದು ಅವನು ಅಂಕೋಲೆಯಲ್ಲೇ ನಿಂತು ಹೇಳಿದ.

ದಾರಿಯ ಅವರ್ಸಾ ಊರು ದಾಟುವುದರೊಳಗೆ ಗಾಡಿ ಒಂದು ಬದಿಗೆ ಎಳೆಯತೊಡಗಿತು. ಇಳಿದು ನೋಡಿದರೆ ಹಿಂದಿನ ಚಕ್ರ ಕೂತುಬಿಟ್ಟಿತ್ತು. ಮಾದನ ಅಂಗಳದ ತಗಡಿನ ಚೂರು ಟಯರಿನಲ್ಲಿ ಮಿನುಗುತ್ತಿತ್ತು. ಸ್ಟೆಪ್ನಿ ಅಂತೂ ಆಗಲೇ ನಿಟ್ಟುಸಿರು ಬಿಟ್ಟು ಮಲಗಿತ್ತು. ಬಿಸಿಲಿಗೆ ಹಣ್ಣಿನ ವಾಸನೆ ಹೆದ್ದಾರಿ ತುಂಬ ಹರಡಿತು.

ಮತ್ತೆ ಫೋನು. ಈ ಸಲ ನಿಜ ಹೇಳಲೇಬೇಕಾಯಿತು.

"ಅಲ್ವೋ ಗುರುಪ್ರಸಾದಾ, ಸಂಜೆ ಗಿರಾಕಿ ಬರೂ ಹೊತ್ತಿಗೆ ನಾ ಎಂತ ಮಾರ್ಲಿ? ಅಲ್ಲೇ ಇರು. ಬೇರೆ ಗಾಡಿ ಕಳಿಸ್ತೆ. ನಾಕು ದಿನದಿಂದ ಒಬ್ಬವ ಕೆಲಸ ಕೊಡಿ ಅಂತ ಫೋನ್ ಮಾಡ್ತಾನೇ ಇದ್ದ" ಎಂದಳು ಗೋದಾವರಿಯಕ್ಕ.

ಸ್ವಲ್ಪ ಹೊತ್ತಿಗೆ ಕಾರವಾರದ ಕಡೆಯಿಂದ ಬಿಳಿ ಪಿಕಪ್ಪೊಂದು ಬಂದು ನಿಂತಿತು. ಅದರಿಂದ ಇಳಿದವನು ವಿಕಾಸ.

ಗುರುಪ್ರಸಾದನ ಕಣ್ಣು ಮೊದಲು ಹೋದದ್ದು ಅವನ ಗಾಡಿಯ ಹಿಂಭಾಗಕ್ಕೆ. ತಾಡಪಾಲು ಇರಲಿಲ್ಲ. ಕೊಂಡಿಯೂ ಇರಲಿಲ್ಲ. ಅಂಗಳದಂತೆ ಬರಿದಾಗಿದ್ದ ತಗಡಿನಲ್ಲಿ ಹೊಸದಾಗಿ ಮುಚ್ಚಿದ ನಾಲ್ಕು ತೂತುಗಳು ಕಾಣುತ್ತಿದ್ದವು. ದೇವರು ಮಾತು ಉಳಿಸಿಕೊಂಡಿದ್ದ! ಚಕ್ರ ಕೂತದ್ದನ್ನೂ ಮರೆತು ಗುರುಪ್ರಸಾದ ಒಳಗೊಳಗೇ ಕುಣಿದ.

"ಕೊಂಡಿ ಎಲ್ಲಿ ತಮಾ?" ಎಂದು ಆದಷ್ಟು ಬೇಸರದ ಮುಖ ಮಾಡಿ ಕೇಳಿದ.

"ಆ ಪೀಡೆ ಸುದ್ದಿ ಬೇಡ, ಗುರಣ್ಣಾ. ತಿರುವಿನಲ್ಲಿ ಟ್ರಾಲಿ ಬಂದು ಹಿಂದಿನ ಗಾಜು ಒಡೀತು. ರೆಸಾರ್ಟಿನವ್ರು ಬೇರೆ ಗಾಡಿ ನೋಡ್ಕಂಡ್ರು. ಕೊಂಡಿ ಇದ್ದ ಗಾಡೀಲಿ ಒಂದು ಚೀಲ ಅಕ್ಕಿನೂ ಸಮ ಕೂರೂದಿಲ್ಲ. ಓಣಿಯವ್ರ ಎದ್ರಿಗೆ ಮರ್ಯಾದೆ ಹೋಗ್ತದೆ ಅಂತ ಅದನ್ನ ಕದ್ದುಮುಚ್ಚಿ ಅಂಕೋಲೆಗೆ ತಕಂಡ್ ಹೋಗಿ ಮಾರಿ ಬಂದೆ."

ಅಂಕೋಲೆ ಎಂದದ್ದೇ ಗುರುಪ್ರಸಾದನ ಕುಣಿತ ನಿಂತಿತು.

ವಿಕಾಸ ಬುಟ್ಟಿಗಳನ್ನು ಒಂದೊಂದಾಗಿ ಇಳಿಸಿ ತನ್ನ ಗಾಡಿಗೆ ಸಾಗಿಸಿದ. ಕೊನೆಯ ಬುಟ್ಟಿ ಎತ್ತಿದವನು ಹಾಗೇ ನಿಂತ. ಬುಟ್ಟಿ ಉಜ್ಜಿದ ಕಡೆ ಹಸಿ ಕೆಂಪು ಬಣ್ಣ ಕಿತ್ತುಬಂದಿತ್ತು. ಕೆಳಗಿನಿಂದ ನೀಲಿ ಇಣುಕುತ್ತಿತ್ತು. ನೀಲಿಯ ನಡುವೆ ಎರಡು ಅಡ್ಡಗೀರು.

"ಅಯ್ಯಯ್ಯೋ, ಇದು ನಂದೇ ಅಲ್ದಾ? ಈ ಗೀರು ನಾ ಎಲ್ಲಿದ್ರೂ ಗುರ್ತು ಹಿಡೀತೆ! ಪೂಜೆ ದಿನ ಯಾವನೋ ಹೊಟ್ಟೆಕಿಚ್ಚಿನವ ಎಳೆದು ಹೋಗಿದ್ದ. ಯಾರು ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ. ನಿಮಗೇನಾದ್ರೂ ಗೊತ್ತದೆಯಾ?"

ಗುರುಪ್ರಸಾದನ ಕೈ ಜೇಬಿನಲ್ಲಿದ್ದ ಬೀಗದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. "ನಂಗೆ ಹೇಗೆ ಗೊತ್ತಿರ್ತದೆ?" ಎಂದ.

ವಿಕಾಸ ಹತ್ತಿರ ಬಂದು ದನಿ ತಗ್ಗಿಸಿದ. "ನಿಮ್ಮ ಹತ್ರ ಮುಚ್ಚಿಡೂದು ಎಂತದಕ್ಕೆ? ನೀವು ದಿನಾ ತುಂಬಿದ ಗಾಡಿ ತಕಂಡ್ ಹೋಗೂದ್ ನೋಡಿ ನಂಗೆ ಹೊಟ್ಟೆ ಉರೀತಿತ್ತು. ಸೋಮವಾರ ಭಟ್ರ ಹತ್ರ ಕೌಲು ಕೇಳ್ದೆ. ಈ ಕೊಂಡಿ ಇಳೀಲಿ, ಗೋದಾವರಿಯಕ್ಕನ ಲೋಡು ನಂಗೆ ಸಿಗ್ಲಿ ಅಂತ. ಬಲದ ಹೂವು ಪಟ್ಟಂತ ಬಿತ್ತು! ತಪ್ಪು ತಿಳೀಬೇಡಿ ಗುರಣ್ಣಾ. ಅಕ್ಕ ಇನ್ಮೇಲೆ ದಿನಾ ನೀನೇ ಬಾ ಅಂದ್ರು. ನಿಮಗೇನು, ಕೊಂಡಿ ಇದ್ದೇ ಅದೆ. ಟ್ರಾಲಿ ಬೇಕಾದ್ರೆ ನಮ್ಮ ಅಂಗಳದಲ್ಲೇ ಬಿದ್ಕಂಡದೆ, ಹೇಳಿ."

ಮಾವಿನ ಘಮವನ್ನು ಎಳೆದುಕೊಂಡು ವಿಕಾಸನ ಗಾಡಿ ಹೊರಟುಹೋಯಿತು. ಗುರುಪ್ರಸಾದ ರಸ್ತೆಯಂಚಿನಲ್ಲಿ ತನ್ನ ಕೊಂಡಿಯ ಪಕ್ಕದಲ್ಲಿ ಕೂತ. ಕೇಳಿದ್ದು ಎರಡು, ಆದದ್ದೂ ಎರಡು. ಜಗಳ ಮಾಡೋಣವೆಂದರೆ ದೇವರದ್ದು ಒಂದು ತಪ್ಪೂ ಇರಲಿಲ್ಲ. ಹೊಟ್ಟೆಯಲ್ಲಿ ಮಾತ್ರ ಮೊದಲಿಗಿಂತ ಜೋರಾಗಿ ಉರಿಯುತ್ತಿತ್ತು. ಈಗ ಆ ಮನುಷ್ಯನ ಹತ್ತಿರ ಲೋಡೂ ಇತ್ತು, ಕೊಂಡಿಯ ಪೀಡೆಯೂ ಇರಲಿಲ್ಲವಲ್ಲ!

ಅಷ್ಟರಲ್ಲಿ ನೀತಾಳ ಫೋನು ಬಂತು.

"ಕೇಳ್ತಾ? ಭಟ್ರು ಸಿಕ್ಕಿದ್ರು. ನಿಮ್ದು ಎಂತದೋ ಹರಕೆ ಅದೆ ಅಂತೆ, ಎರಡು ಗೊನೆ ಸಿಯಾಳ. ಕೆಲಸ ಆಗಿದ್ರೆ ನಾಳೆಯೇ ಒಪ್ಪಿಸೂಕೆ ಹೇಳಿದ್ರು. ಕೆಲಸ ಆಯ್ತಾ?"

"ಆಯ್ತು."

"ಹಾಂಗಾದ್ರೆ ಬರೂವಾಗ ಅಂಕೋಲೆಯಿಂದಲೇ ಗೊನೆ ಗಾಡೀಲಿ ಹಾಕ್ಕಂಡ್ ಬನ್ನಿ."

ಗುರುಪ್ರಸಾದ ಕೂತ ಚಕ್ರವನ್ನು ನೋಡಿದ, ಗೀರು ಬಿದ್ದ ಕೊಂಡಿಯನ್ನು ನೋಡಿದ.

"ನಮ್ಮ ಗಾಡೀಲಿ ಆಗೂದಿಲ್ಲ ಮಾರಾಯ್ತಿ" ಎಂದ. "ಬಾಡಿಗೆ ಎಷ್ಟಾಗ್ತದೆ ಅಂತ ವಿಕಾಸನ ಹತ್ರ ಕೇಳು."